ಕುಬಸಕ್ಕೆ ಹೋದ ಕುಳ್ಳ ಕಾರು

ಒಂದು ಎದೆ ಒಂದು ಜನ್ಮದಲ್ಲಿ ಎಷ್ಟು ಸಲ ಧಸಕ್ಕೆನ್ನಬಹುದು ಎಂದು ದೇವರು ಗೊತ್ತು ಮಾಡಿ ಕಳಿಸಿದ್ದರೆ, ನನ್ನ ಪಾಲಿನ ಮುಕ್ಕಾಲು ಭಾಗ ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲೇ ಖರ್ಚಾಗಿದೆ. ಹಿಂದೆ ಅದು ನನ್ನ ಶೆಡ್ಡು. ಜೋಳದ ಚೀಲ, ಶಾವಿಗೆ ಒಣಗಿಸುವ ಕೋಲು, ಹಪ್ಪಳದ ಚಾಪೆ ಅಲ್ಲಿರುತ್ತಿದ್ದವು. ಈಗ ಅಲ್ಲಿ ಕೆಂಪು ಬಣ್ಣದ, ಎರಡೇ ಬಾಗಿಲಿನ ಒಂದು ಹಳೆಯ ಸ್ಪೋರ್ಟ್ಸ್ ಕಾರು ಮಲಗಿದೆ. ನಿಂತಿದೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ, ಅಷ್ಟು ಗಿಡ್ಡ.

ನಮ್ಮ ಮನೆಯವರದು ಸೊಲ್ಲಾಪುರ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಹೊನವಾಡದಲ್ಲಿ ದ್ರಾಕ್ಷಿ ತೋಟದವರೊಬ್ಬರ ಪಂಪಿನ ರಿಪೇರಿಗೆಂದು ಹೋದವರು, ಅವರ ಒಣದ್ರಾಕ್ಷಿ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದುಕೊಂಡಿದ್ದ ಈ ಕಾರನ್ನು ಕಂಡು ಮನಸೋತರು. ಟ್ರ್ಯಾಕ್ಟರಿಗೆ ಕಟ್ಟಿ, ತಿಕೋಟಾದ ಪೇಟೆಯ ಜನರೆಲ್ಲ ನೋಡುವಂತೆ ಎಳೆಸಿಕೊಂಡು ಬಂದರು. ಆರತಿ ಹಿಡಿದು ಬಾಗಿಲು ತೆರೆದರೆ ಒಳಗೆ ಕೋಳಿಯೊಂದು ಕಾವಿಗೆ ಕುಳಿತಿತ್ತು. ನಾನು ಚೀರಿದೆ, ಕೋಳಿಯೂ ಚೀರಿತು. ನಕ್ಕವರು ಮನೆಯವರೊಬ್ಬರೇ. ನಿತ್ಯ ಲಿಂಗಪೂಜೆ ನಡೆಯುವ ಮನೆಗೆ ಕೋಳಿ! ಪುಣ್ಯಕ್ಕೆ ಮೊಟ್ಟೆ ಒಂದೂ ಒಡೆದಿರಲಿಲ್ಲ. ತಾಯಿಯನ್ನೂ ಮೊಟ್ಟೆಗಳನ್ನೂ ಬುಟ್ಟಿಯಲ್ಲಿಟ್ಟು ಅವರ ಮನೆಗೇ ಮುಟ್ಟಿಸಿದೆವು. ಕಾರನ್ನು ಮಾತ್ರ ಮುಟ್ಟಿಸಲಾಗಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಒಂದು ದಿನ ಅಡುಗೆಮನೆಗೆ ಬಂದರೆ ಹಾಲು ಕಾಯಿಸುವ ಪಾತ್ರೆಯಲ್ಲಿ ಇಂಜಿನ್ನಿಗೆ ನೀರು ಬಿಡುವ ಹಿತ್ತಾಳೆ ವಾಲ್ವೊಂದು ಕೊತಕೊತ ಕುದಿಯುತ್ತಿತ್ತು. ಬಿಸಿಗೆ ಅದು ಬಾಯಿ ತೆರೆಯುತ್ತದೋ ಇಲ್ಲವೋ ನೋಡುತ್ತಿದ್ದರಂತೆ. ಅದು ತೆರೆಯಿತೋ ಏನೋ, ತೆರೆದ ನನ್ನ ಬಾಯಿ ಮಾತ್ರ ಮುಚ್ಚಲಿಲ್ಲ. ಇನ್ನೊಂದು ದಿನ ದೇವರ ಜಗುಲಿಯ ಮೇಲಿನ ವಿಭೂತಿ ಗಟ್ಟಿ ಕಾಣೆ. ಹುಡುಕಿದರೆ ಅದನ್ನು ಪುಡಿ ಮಾಡಿಕೊಂಡು ಕಾರಿನ ಬಂಪರ್ ತಿಕ್ಕುತ್ತಿದ್ದಾರೆ!

"ಶಿವನಽ! ಹಣಿಗೆ ಹಚ್ಚೂದನ್ನ ಗಾಡಿಗೆ ತಿಕ್ಕತೀರಲ್ರಿ!"

"ಇದೂ ಗಾಡಿ ಹಣೀನಽ. ಇಷ್ಟು ನುಣ್ಣನ ಪುಡಿ ಯಾವ ಅಂಗಡ್ಯಾಗೂ ಸಿಗೂದಿಲ್ಲ ನೋಡು" ಎಂದರು. ಬಂಪರ್ ಫಳಫಳ ಹೊಳೆಯುತ್ತಿತ್ತು. ಬೈಯುವಾಗ ಅದರಲ್ಲಿ ನನ್ನದೇ ಮುಖ ಕಾಣಿಸಿ, ಸೆರಗು ಸರಿ ಮಾಡಿಕೊಂಡೆ.

ಆಮೇಲೆ ಭಾರ ಕಡಿಮೆಯಾಗಲೆಂದು ಹಿಂದಿನ ಸೀಟು ಕಿತ್ತರು. ಮೊದಲೇ ಕುಳ್ಳಾಗಿದ್ದ ಗಾಡಿಗೆ ಬಿರುಸು ಸ್ಪ್ರಿಂಗು ಹಾಕಿ ಇನ್ನಷ್ಟು ಕುಳ್ಳು ಮಾಡಿದರು. ಸೈಲೆನ್ಸರ್ ಬದಲಾಯಿಸಿದರು. ಈಗ ಅದನ್ನು ಚಾಲೂ ಮಾಡಿದರೆ ಅಡುಗೆಮನೆಯ ತಾಟುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಇಷ್ಟಕ್ಕೂ ನಾನು ದೇವರಿಗೆ ಕೈ ಮುಗಿದದ್ದು ಒಂದೇ ಮಾತಿಗೆ: ಗಾಡಿಗೆ ಎರಡೇ ಬಾಗಿಲು ಕೊಟ್ಟೆ ತಂದೆ, ನಾಲ್ಕಿದ್ದಿದ್ದರೆ ನಾಲ್ಕನ್ನೂ ಕಿತ್ತು ತೊಳೆಯುತ್ತಿದ್ದರು.

ಹೀಗಿರುವಾಗ ನಮ್ಮ ಮಗಳು ಸವಿತಾಳ ಕುಬಸ ಬಂತು. ಬಬಲೇಶ್ವರಕ್ಕೆ ಕೊಟ್ಟಿದ್ದೇವೆ, ಚೊಚ್ಚಲ ಬಸಿರು. ಹಸಿರು ಸೀರೆ, ಹಸಿರು ಬಳೆ, ಸಿಹಿಯ ಬುತ್ತಿ ಒಯ್ದು ಕುಬಸ ಮಾಡಿ, ಬಾಣಂತನಕ್ಕೆ ಅವಳನ್ನು ಅಂದೇ ತವರಿಗೆ ಕರೆತರಬೇಕು. ಮಂಚ ಹಾಕಿ, ಒಣಶುಂಠಿ ಕುಟ್ಟಿ, ಕೋಣೆ ಸಜ್ಜು ಮಾಡಿಟ್ಟಿದ್ದೆ. ಬೀಗತಿ ಗಂಗವ್ವನವರ ಕಣ್ಣು ಮಾತ್ರ ಬಹಳ ಚುರುಕು. ನಮ್ಮ ಕಡೆಯಿಂದ ಏನು ಕಡಿಮೆಯಾದರೂ ಮಗಳು ಮಾತು ಕೇಳಬೇಕಾಗುತ್ತದೆಂದು ನನಗೆ ಒಳಗೊಳಗೇ ಅಂಜಿಕೆ. ಬಾಡಿಗೆ ಜೀಪು ಹೇಳಿದ್ದೆವು. ಚಿಗವ್ವಂದಿರು, ನೆಗೆಣ್ಣಿಯರು, ಬುತ್ತಿಯ ಬುಟ್ಟಿಗಳು ಎಲ್ಲ ಹತ್ತಿದ ಮೇಲೆ ನೋಡಿದರೆ, ಮಗಳ ತಾಯಿಗೇ ಜಾಗವಿಲ್ಲ! ಜೀಪು ಧೂಳೆಬ್ಬಿಸಿ ಹೋಯಿತು. ಹಿಂದೆ ಶೆಡ್ಡಿನಲ್ಲಿ ಗುಡುಗಿನ ಸದ್ದು. ನನಗೆ ಎಲ್ಲ ತಿಳಿಯಿತು.

ಬಳೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಕುಳಿತೆ ಎನ್ನುವುದಕ್ಕಿಂತ ಬಿದ್ದೆ ಎನ್ನಬೇಕು, ನೆಲ ಅಷ್ಟು ಹತ್ತಿರ. ರಸ್ತೆಯಲ್ಲಿ ಒಂದು ಹರಳು ಸಿಕ್ಕರೂ ನನ್ನ ಹಲ್ಲಿಗೆ ಸುದ್ದಿ ಮುಟ್ಟುತ್ತಿತ್ತು. ಹಸಿರು ಬಳೆಗೆ ಏನಾದರೂ ಆದರೆ ಗತಿಯೇನು ಎಂದು ಪಂಚಾಕ್ಷರಿ ಜಪಿಸುತ್ತಿದ್ದೆ. ಊರು ದಾಟಿ ಮೊದಲ ಹಂಪ್ ಬಂದಾಗ ಗಾಡಿ ನಿಂತಿತು.

"ಶಾಂತಾ, ಒಂಚೂರು ಇಳದು ಆ ಕಡೆ ನಡಕೊಂಡು ಬಾ. ತಳಾ ತಾಗತೈತಿ."

"ನನ್ನ ಭಾರಕ್ಕ ತಾಗತೈತೇನ್ರಿ?"

"ಹಂಗ ನಾ ಅಂದ್ನೇನು? ಗಾಡಿ ಸೂಕ್ಷ್ಮ ಐತಿ ಅಂದೆ."

ರೇಷ್ಮೆ ಸೀರೆಯಲ್ಲಿ ಡಬ್ಬಿ ಎದೆಗವಚಿಕೊಂಡು ನಾನು ಹಂಪ್ ದಾಟಿದೆ. ನನ್ನ ಹಿಂದೆ ಕಾರು ಬೆಕ್ಕಿನ ಹಾಗೆ ಮೆಲ್ಲಗೆ ದಾಟಿತು. ಎರಡನೆಯದರಲ್ಲೂ ಹಾಗೆಯೇ. ಮೂರನೆಯದರಲ್ಲಿ ಹಿಂದೆ ಬಸ್ಸು ಬಂದು ನಿಂತಿತು. ಕಿಟಕಿಯಿಂದ ಒಬ್ಬಾಕೆ ಕೂಗಿದಳು: "ಯಕ್ಕಾ, ಗಾಡಿ ಕೆಟ್ಟೈತೇನಬೇ? ಬಾ, ಜಾಗಾ ಐತಿ!"

"ಕೆಟ್ಟಿಲ್ಲವಾ, ಸುಧಾರಣಾ ಮಾಡ್ಯಾರ" ಎಂದೆ. ಬಸ್ಸಿಗೆ ಬಸ್ಸೇ ನಕ್ಕಿತು.

ಬೀಗರ ಅಂಗಳದಲ್ಲಿ ನಮ್ಮ ಗುಡುಗು ಕೇಳಿ ಎಮ್ಮೆ ಗೂಟ ಜಗ್ಗಿತು. ನಾನು ಏಳಲಾರದೆ ಕೈ ಚಾಚಿದೆ. ಬಾವಿಯಿಂದ ಕೊಡ ಎಳೆದಂತೆ ಇಬ್ಬರು ಹೆಂಗಸರು ನನ್ನನ್ನು ಮೇಲೆಳೆದರು. ಗಂಗವ್ವನವರು ಕಾರನ್ನು ಒಂದು ಸುತ್ತು ಹಾಕಿ, "ಬರ್ರಿ ಅಕ್ಕಾರ. ಅರ್ಧಾ ಗಾಡಿ ಮನ್ಯಾಗ ಬಿಟ್ಟು ಬಂದ್ರೇನು?" ಎಂದರು. ಸವಿತಾ ತಲೆ ತಗ್ಗಿಸಿದಳು. ನಾನು ಡಬ್ಬಿ ತೆರೆದೆ. ಬಳೆಗಳೆಲ್ಲ ಇದ್ದಂತೆಯೇ ಇದ್ದವು. ಆ ಸ್ಪ್ರಿಂಗು ಮಾಡದ ಕೆಲಸವನ್ನು ದಾರಿಯುದ್ದಕ್ಕೂ ನನ್ನ ತೊಡೆ ಮಾಡಿತ್ತು. ಈ ಮೈ ಕೊಟ್ಟ ದೇವರಿಗೆ ಅವತ್ತು ಮೊದಲ ಸಲ ಶರಣೆಂದೆ.

ಕುಬಸ ಚೆಂದಾಯಿತು, ಊಟವಾಯಿತು. ಹೊರಡುವ ಮಾತೆತ್ತಿದಾಗ ಗಂಗವ್ವನವರು ಎಲೆ ಅಡಿಕೆ ಮೆಲ್ಲುತ್ತ, "ಬಾಣಂತನಾ ಇಲ್ಲೇ ಆಗ್ಲಿ ಬಿಡ್ರಿ" ಎಂದರು. ನನ್ನ ಎದೆ ನಿಂತೇಬಿಟ್ಟಿತು. ಸವಿತಾಳ ಕಣ್ಣು ತುಂಬಿ ಬಂತು.

"ಹಂಗ್ಯಾಕ ಅಂತೀರಿ? ಬುಟ್ಟಿ ಖಾಲಿ ಆಗ್ಯಾವ, ಜೀಪಿನ ಮುಂದಿನ ಸೀಟಿನ್ಯಾಗ ಆರಾಮ ಬರ್ತಾಳ್ರಿ" ಎಂದೆ.

"ಇವತ್ತಿನ ಮಾತಲ್ಲ ಅಕ್ಕಾರ. ನಾಳೆ ಬ್ಯಾನಿ ಶುರು ಆದ್ರ ದವಾಖಾನಿಗೆ ಹೆಂಗ ಒಯ್ಯೋರು? ಈ ಸೀಟಿಲ್ಲದ ಗಾಡ್ಯಾಗೇನು?"

ಮನೆಯವರು ಕಂಬ ನೋಡುತ್ತ ನಿಂತರು. ಆಗ ನನ್ನ ಬಾಯಿಂದ ಬಂತು ನೋಡಿ: "ಸೀಟು ಶೆಡ್ಡಿನ್ಯಾಗ ಐತ್ರಿ, ನಾಳೇನಽ ಕೂಡಸ್ತೀವಿ. ಹಳೇ ಸ್ಪ್ರಿಂಗೂ ಹಾಕ್ತೀವಿ. ದವಾಖಾನಿ ನಮ್ಮ ಹಿಂದಿನ ಓಣ್ಯಾಗನಽ ಐತಿ. ಇನ್ನ ಗಾಡ್ಯಾಗ ತಪ್ಪ ಹುಡುಕಿ ಹೆಸರ ಇಡಬ್ಯಾಡ್ರಿ! ಇದಕ್ಕ ಕಾರ್ಬುರೇಟರ್ ಎರಡು ಅದಾವ. ನಿಮ್ಮ ಊರಾಗ ಯಾರ ಗಾಡಿಗರ ಎರಡು ಅದಾವೇನು? ಇಂಜಿನ್ ಪೂರಾ ಬಿಚ್ಚಿ ಜೋಡಿಸ್ಯಾರ, ಒಂದು ಹನಿ ಎಣ್ಣಿ ಸೋರಿದ್ರ ಕೇಳ್ರಿ!"

ಮಾತಾಡಿದ್ದು ಯಾರೆಂದು ನಾನೇ ಒಮ್ಮೆ ಹಿಂದೆ ತಿರುಗಿ ನೋಡಿದೆ. ಮನೆಯವರು ಮದುವೆಯಲ್ಲಿಯೂ ನನ್ನನ್ನು ಅಷ್ಟು ಬೆರಗಿನಿಂದ ನೋಡಿರಲಿಲ್ಲ.

"ಎರಡು ಅದಾವೇನು?" ಎಂದರು ಗಂಗವ್ವನವರು. ಸೆರಗು ತಲೆಗೆ ಹೊದ್ದರು. "ಹಂಗಾರ ಸೊಸಿ ಜೀಪಿನ್ಯಾಗ ಬರ್ಲಿ. ನಾನೂ ಬಂದು ಬಿಟ್ಟು ಬರ್ತೀನಿ. ಇದರಾಗ ಕುಂಡರ್ತೀನಿ."

ಹಾಗೆ ಮಗಳು ತವರಿಗೆ ಹೊರಟಳು. ಜೀಪಿನಲ್ಲಿ ಜಾಗ ಸಿಗಲೆಂದು ಬೆಳಿಗ್ಗೆ ಹಂಬಲಿಸಿದವಳು ನಾನು. ಸಿಕ್ಕ ಮೇಲೆ ಖಾಲಿ ಬುಟ್ಟಿಗಳ ನಡುವೆ ಕುಳಿತು, ಮುಂದೆ ಹೋಗುತ್ತಿದ್ದ ಆ ಕೆಂಪು ಕಾರನ್ನೇ ನೋಡುತ್ತ ಹೊಟ್ಟೆ ಉರಿಸಿಕೊಂಡೆ. ಹಂಪ್ ಬಂತು, ಗಾಡಿ ನಿಲ್ಲಲಿಲ್ಲ. ಕರ್ ಎಂದು ತಳ ಕೆರೆದುಕೊಂಡೇ ದಾಟಿತು. ನನ್ನ ಕರುಳೇ ಕೆರೆದಂತಾಯಿತು. ಮನೆಗೆ ಬಂದ ಮೇಲೆ, "ಇಳಸಲಿಲ್ಲ ಯಾಕ್ರಿ?" ಎಂದು ಕೇಳಿದೆ.

"ಬೀಗತಿಗೆ ಇಳೀರಿ ಅಂತ ಹೆಂಗ ಹೇಳಲಿ?" ಎಂದರು.

ಮರುದಿನ ಬೆಳಿಗ್ಗೆ ಮಿಂದು, ಮಡಿಯುಟ್ಟು, ಹೂ ಕೊಯ್ಯಲು ಹೊರಗೆ ಬಂದೆ. ಒಳಗೆ ಮಗಳು ನೆಮ್ಮದಿಯಾಗಿ ಮಲಗಿದ್ದಳು. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಶೆಡ್ಡಿಗೆ ಹೋಗಿ, ಗೋಣಿಚೀಲ ಹಾಸಿ, ಸೈಲೆನ್ಸರಿಗೆ ಎಷ್ಟು ಪೆಟ್ಟಾಗಿದೆ ಎಂದು ಕೆಳಗೆ ಬಗ್ಗಿ ನೋಡಿದೆ. ದೇವರಿಗೆ ಇನ್ನೂ ದೀಪ ಹಚ್ಚಿರಲಿಲ್ಲ.