ಎಲ್ಲಕ್ಕಿಂತ ಮೇಲಿನ ಮೊಳೆ

ಬಸವಕಲ್ಯಾಣದ ನಮ್ಮ ಮನೆಗೆ ಬಂದವರು ಚಹಾ ಬರುವಷ್ಟರಲ್ಲಿ ಪಡಸಾಲೆಯ ಗೋಡೆ ನೋಡಿ ಏನಾದರೊಂದು ಅನ್ನದೆ ಇರುವುದಿಲ್ಲ. ಗೋಡೆಯ ತುಂಬ ಮನೆಮಂದಿಯ ಸರ್ಟಿಫಿಕೇಟುಗಳು. ಫ್ರೇಮು ಹಾಕಿಸಿ, ಪ್ರತಿಯೊಂದರ ಬೆನ್ನಿಗೆ ಹೆಸರು, ವರ್ಷ, ದರ್ಜೆ ಬರೆದವಳು ನಾನು. ಯಾವುದನ್ನು ಎಲ್ಲಿ ತೂಗುಹಾಕಬೇಕು ಎಂಬುದು ಮಾತ್ರ ನನ್ನ ಕೈಯಲ್ಲಿ ಇರಲಿಲ್ಲ.

೧. ಮೊದಲ ಎರಡು ಮೊಳೆ

ನಾನು ಹುಮನಾಬಾದಿನವಳು. ಮದುವೆಗೆ ಮುಂಚೆಯೇ ಬಿ.ಎ., ಅದೂ ಪ್ರಥಮ ದರ್ಜೆ. ನಮ್ಮ ಯಜಮಾನರದು ಲಾರಿ ಬಿಡಿಭಾಗಗಳ ಅಂಗಡಿ. ಹಲವು ಸಲ ಫೇಲಾಗಿ, ಪಟ್ಟು ಬಿಡದೆ ಮತ್ತೆ ಬರೆದು ಪಿ.ಯು.ಸಿ. ಪಾಸಾದವರು. ಗಂಡನ ಮನೆಗೆ ನಡೆಯಲು ಬಂದ ಹೊಸದರಲ್ಲಿ ನನ್ನ ಪದವಿ ಪತ್ರವನ್ನು ಅವರದಕ್ಕಿಂತ ಮೇಲೆ ತೂಗುಹಾಕಲು ಹೋದೆ. ಮಂಠಾಳದ ನಮ್ಮ ಅತ್ತೆ ಕೈ ಹಿಡಿದರು.

“ಅದ್ಯಾಕ ಮ್ಯಾಲ?”

“ಅತ್ತಿ, ಹತ್ತನೇ ಕ್ಲಾಸ್ ಆದಮ್ಯಾಲ ಪಿ.ಯು.ಸಿ. ಅದರ ಮ್ಯಾಲ ಬಿ.ಎ., ಅದರ ಮ್ಯಾಲ ಎಂ.ಎ., ಎಲ್ಲಕ್ಕೂ ಮ್ಯಾಲ ಪಿಎಚ್.ಡಿ. ರಿ.”

ಅತ್ತೆ ಬೆರಳು ಮಡಚುತ್ತ ಪೂರ್ತಿ ಕೇಳಿದರು, ಒಪ್ಪಿದರು. ಆಮೇಲೆ ಸುತ್ತಿಗೆಯನ್ನು ತಾವೇ ಇಸಿದುಕೊಂಡರು.

“ತಿಳೀತವ್ವಾ. ಮ್ಯಾಲಿಂದೆಲ್ಲಾ ಮ್ಯಾಲೇ ಇರಲಿ. ಗಂಡ ಅದರ ಮ್ಯಾಲ.”

೨. ಬೀಗರು ಓದಿದ ಗೋಡೆ

ಮಗಳು ಎಂ.ಎ. ಮಾಡಿದಳು, ಅವಳ ಪತ್ರ ನನ್ನದರ ಮೇಲೆ ಬಂತು, ಅಪ್ಪನದು ಒಂದು ಗೇಣು ಏರಿತು. ಪಿಎಚ್.ಡಿ. ಮುಗಿಸಿದಳು, ಪಿ.ಯು.ಸಿ. ಹೋಗಿ ಛತ್ತಿಗೆ ತಾಗಿತು. ಧೂಳು ಒರೆಸಲು ನಿಚ್ಚಣಿಕೆ ಬೇಕಾಯಿತು. ಅದು ಅತ್ತೆ ನಿಂತು ಹೊಡೆಸಿದ ಕೊನೆಯ ಮೊಳೆ. ಅದೇ ವರ್ಷ ಅವರು ತೀರಿಹೋದರು.

ಮಗಳನ್ನು ನೋಡಲು ಕೊಹಿನೂರಿನಿಂದ ಹುಡುಗನ ಕಡೆಯವರು ಬಂದರು. ಹುಡುಗನ ಸೋದರಮಾವ ತುಂಟ ಮನುಷ್ಯ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ, ಟೊಪ್ಪಿಗೆ ತೆಗೆದು ಕೈಮುಗಿದ.

“ನಮ್ಮ ಹುಡುಗ ಬರೇ ಪಿಎಚ್.ಡಿ. ತನಕ ಬಂದಾನ್ರಿ. ಪಿ.ಯು.ಸಿ. ಮುಟ್ಟಾಕ ಇನ್ನಾ ಟೈಮ್ ಹಿಡೀತದ.”

ಎಲ್ಲರೂ ನಕ್ಕರು, ಯಜಮಾನರು ಎಲ್ಲರಿಗಿಂತ ಜೋರಾಗಿ. ನೆಂಟಸ್ತನ ಕೂಡಿತು. ಬೀಗರು ಹೋದಮೇಲೆ ಮಾತ್ರ ಯಜಮಾನರು ತಣ್ಣಗಾದ ಚಹಾ ಹಿಡಿದು ಛತ್ತನ್ನೇ ನೋಡುತ್ತ ಕುಳಿತರು.

“ಇಳಸ್ಲೇನ್ರಿ?” ಅಂದೆ.

“ಅವ್ವನ ಮೊಳಿ ಅದ. ಇಳಸೂದು ಬ್ಯಾಡ. ನಾನೇ ಅಲ್ಲೀತನ ಏರ್ತೀನಿ, ಬಿ.ಎ. ಬಾಯಿ. ನಿನ್ನ ಸಮ ಆಗೂತನ ನಾ ಸಾಯಂಗಿಲ್ಲ.”

“ಹಂಗಾದ್ರ ನೀವು ಭಾಳ ವರ್ಷ ಬದುಕ್ತೀರಿ ಬಿಡ್ರಿ.”

೩. ಸ್ಕ್ವಾಡ್ ಬಂತು

ಅವರು ಆಡಿದ್ದು ಬರೀ ಮಾತಲ್ಲ. ದೂರಶಿಕ್ಷಣದಲ್ಲಿ ಬಿ.ಎ.ಗೆ ಹೆಸರು ಹಚ್ಚಿದರು. ಪರೀಕ್ಷೆ ನನ್ನ ತವರು ಹುಮನಾಬಾದಿನಲ್ಲಿ. ನೆರೆತ ಕೂದಲು, ಇಸ್ತ್ರಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಇವರು ಬಾಗಿಲಲ್ಲಿ ಕಾಲಿಟ್ಟದ್ದೇ, ನಕಲು ಹಿಡಿಯುವ ಸ್ಕ್ವಾಡ್ ಬಂತೆಂದು ಪರೀಕ್ಷೆಗೆ ಕೂತವರೆಲ್ಲ ಚೀಟಿಗಳನ್ನು ಕಿಟಕಿಯಿಂದ ಆಚೆ ಒಗೆದರಂತೆ. ಇವರು ಹೋಗಿ ನಂಬರ್ ಹುಡುಕಿ ಬೆಂಚಿನಲ್ಲಿ ಕೂತರು. ಪಕ್ಕದವನು ಅಳುಮುಖ ಮಾಡಿದ.

“ಅಜ್ಜಾ, ಮೊದಲೇ ಹೇಳಬಾರದೇನ್ರಿ? ಈಗ ನೀವ ತೋರಸ್ರಿ.”

ಮೊದಲ ವರ್ಷ ಪಾಸು. ಎರಡನೆಯದೂ ಪಾಸು. ಆ ದಿನ ತಾವೇ ನಿಚ್ಚಣಿಕೆ ಏರಿ ಪಿ.ಯು.ಸಿ.ಯನ್ನು ಇಳಿಸಿದರು.

“ಮೊಳಿ ಖಾಲಿ ಇರಲಿ. ಬಿ.ಎ. ಬರಾಕತ್ತದ.”

“ಮೊದಲ ನೀವು ಇಳೀರಿ. ಕಾಲು ಮುರಕೊಂಡ್ರ ಸರ್ಟಿಫಿಕೇಟ್ ದವಾಖಾನಿಂದ ಬರ್ತದ.”

೪. ಹಾರ

ಮೂರನೇ ವರ್ಷದ ಪುಸ್ತಕಗಳು ಬಂದವು. ಪರೀಕ್ಷೆ ಬರಲಿಲ್ಲ. ಒಂದು ಮುಂಜಾನೆ ಅಂಗಡಿಯ ಶಟರ್ ಎತ್ತುತ್ತ ಎದೆ ಹಿಡಿದುಕೊಂಡು ಕುಸಿದರು. ದವಾಖಾನೆ ಮುಟ್ಟಲಿಲ್ಲ.

ಖಾಲಿ ಮೊಳೆಗೆ ಮಗಳು ಅಪ್ಪನ ಫೋಟೊ ಹಾಕಿದಳು. ಹಾಕುವ ಮುಂಚೆ ಅದರ ಬೆನ್ನಿಗೆ ರೂಢಿಯಂತೆ ಹೆಸರು ಬರೆದೆ, ವರ್ಷ ಬರೆದೆ. ದರ್ಜೆ ಬರೆಯುವಲ್ಲಿ ಕೈ ನಿಂತಿತು.

ಗೋರ್ಟಾದಿಂದ ನಮ್ಮ ಅತ್ತೆಯ ತಂಗಿ ಮಾತಾಡಿಸಲು ಬಂದರು. ಎರಡೂ ಕಣ್ಣಿಗೆ ಪೊರೆ. ಅತ್ತು ಅತ್ತು ಸುಮ್ಮನಾದ ಮೇಲೆ ಗೋಡೆಯ ಕಡೆ ಮುಖ ಎತ್ತಿದರು.

“ಆ ಮೊಳಿ ಬಿ.ಎ.ಗಂತ ಖಾಲಿ ಇಟ್ಟಿದ್ನಲ್ಲ ನನ್ನ ಮಗಾ? ಈಗ ಫ್ರೇಮ್ ಕಾಣಾಕತ್ತದ. ಹಾರಾನೂ ಹಾಕೀರಿ. ಪಾಸಾಗೇ ಹ್ವಾದನೇನ?”

ಮಗಳು ಎದ್ದು ಒಳಗೆ ಹೋದಳು.

“ಹೌದ್ರಿ ಸಣ್ಣತ್ತಿ,” ಅಂದೆ. “ಇದೊಂದರಾಗ ನನಕಿಂತ ಮೊದಲ ಪಾಸಾದ್ರು.”

ಮುದುಕಿಗೆ ಅವರ ಪಿ.ಯು.ಸಿ. ಕಥೆಯೆಲ್ಲ ಗೊತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, ತುಸು ಅನುಮಾನದಿಂದ ಕೇಳಿದರು:

“ಎಷ್ಟನೇ ಸಲಕ್ಕ?”

“ಒಂದ ಸಲಕ್ಕ ರಿ,” ಅಂದೆ.