ಇಸ್ಮಾಯಿಲಸಾಬನ ಪೂರ್ವಸ್ಥಿತಿ

ಅಪರಾಧಿಯನ್ನು ಜೇಲಿಗೆ ಕಳಿಸದೆ ಅವನ ಓಣಿಯಲ್ಲಿಯೇ ಇಟ್ಟು ಸುಧಾರಿಸುವ ಯೋಜನೆಯು ಬೆಟಗೇರಿಯಲ್ಲಿ ಸಂಪೂರ್ಣ ಯಶಸ್ವಿಯಾಗಿದೆ ಎಂಬುದನ್ನು ಸಾರ್ವಜನಿಕರ ಅವಗಾಹನೆಗೆ ತರಲಾಗಿದೆ. ಯಶಸ್ಸಿಗೆ ಪುರಾವೆ ಹೇಗೆ ದೊರೆಯಿತು ಎಂಬುದಷ್ಟೇ ಇಲ್ಲಿಯ ವಿಷಯ.

೧೯೮೧ರಲ್ಲಿ ನೇಕಾರ ಇಸ್ಮಾಯಿಲಸಾಬ ಓಣಿಯುದ್ದಕ್ಕೂ ನೂಲಿನ ಹಾಸು ಚಾಚಿ, ಗಂಜಿ ಹಚ್ಚಿ ಒಣಗಲು ಬಿಟ್ಟಿದ್ದ. ನೆರೆಮನೆಯ ತಿರಕಪ್ಪನ ಹುಂಜ ಬಂದು ಗಂಜಿಯ ರುಚಿ ನೋಡಿತು. ನೂಲು ಹರಿಯಿತು. ಇಸ್ಮಾಯಿಲಸಾಬ ಹುಂಜದ ರುಚಿ ನೋಡಿದ. ತಿರಕಪ್ಪ ಸಿಟ್ಟಿನ ಭರದಲ್ಲಿ ಪೊಲೀಸರಿಗೆ ಫಿರ್ಯಾದಿ ಕೊಟ್ಟ. ಸಿಟ್ಟು ಸಂಜೆಗೇ ಇಳಿಯಿತು, ಫಿರ್ಯಾದಿ ಮಾತ್ರ ಕೋರ್ಟಿನ ಮೆಟ್ಟಿಲು ಹತ್ತಿತು. ಕೋರ್ಟು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಒಂದು ವರ್ಷ ಪರಿವೀಕ್ಷಣಾಧಿಕಾರಿ ಈಶಪ್ಪನವರ ನಿಗಾದಲ್ಲಿರಬೇಕು, ಗದಗ ತಾಲೂಕು ದಾಟಬಾರದು ಎಂದು ಇಸ್ಮಾಯಿಲಸಾಬನನ್ನು ಮನೆಗೆ ಕಳಿಸಿತು.

ವರ್ಷ ಮುಗಿಯುವ ಹೊತ್ತಿಗೆ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು: “ಯೋಜನೆಯ ಮೌಲ್ಯಮಾಪನ ಆಗುವವರೆಗೆ ಯಾರನ್ನೂ ಬಿಡತಕ್ಕದ್ದಲ್ಲ. ಉತ್ತಮ ಮಾಹಿತಿ ಸಂಗ್ರಹಿಸತಕ್ಕದ್ದು.”

ಈಶಪ್ಪನವರು ಓಣಿಯೆಲ್ಲ ತಿರುಗಿ ವಿಚಾರಿಸಿದರು. ಎಲ್ಲರೂ “ಭಾಳ ಛಲೋ ಮನಷ್ಯಾರಿ” ಎಂದರು. ತಿರಕಪ್ಪ “ದೇವರಂಥಾ ಮನಷ್ಯಾ” ಎಂದ. ಸರಕಾರದವರ ಮುಂದೆ ನೆರೆಯವನನ್ನು ಆಡಿಕೊಳ್ಳುವುದು ಆ ಓಣಿಯ ಪದ್ಧತಿಯಲ್ಲ. ಅದಕ್ಕೆಂದು ಬೇರೆ ಕಟ್ಟೆ ಇದೆ.

ಮೇಲಿನ ಕಚೇರಿ ಸಮಾಧಾನಪಡಲಿಲ್ಲ. “ಈಗ ಒಳ್ಳೆಯವನೆಂಬುದು ಸರಿ. ಮೊದಲು ಎಷ್ಟು ಕೆಟ್ಟವನಿದ್ದ? ಪೂರ್ವಸ್ಥಿತಿಯ ಅಳತೆ ಇಲ್ಲದೆ ಸುಧಾರಣೆಯನ್ನು ಅಳೆಯಲು ಬರುವುದಿಲ್ಲ. ಪೂರ್ವಸ್ಥಿತಿಯನ್ನು ಕೂಡಲೇ ಕಳಿಸಿ.”

ಇದೇ ಹೊತ್ತಿಗೆ ಇಸ್ಮಾಯಿಲಸಾಬ ಮುಂಡರಗಿಗೆ ಕೊಟ್ಟಿದ್ದ ಮಗಳು ದಿಲಶಾದಬಿಗೆ ಏಳು ತಿಂಗಳಾಗಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಕರೆತರಲು ತಂದೆಯೇ ಹೋಗಬೇಕು. ಮುಂಡರಗಿಯೋ ಬೇರೆ ತಾಲೂಕು. ಇಸ್ಮಾಯಿಲಸಾಬನಿಗೆ ಊಟ ಸೇರದಾಯಿತು. “ಬೀಗರ ಮುಂದ ಏನಂತ ಹೇಳೂಣು? ಹುಂಜ ತಿಂದೀವಿ, ಅದಕ್ಕ ಬಂದಿಲ್ಲ ಅನ್ನೂಣೇನು?” ಎಂದು ಹೆಂಡತಿ ಲಾಲಬಿ ಕಣ್ಣೀರು ಹಾಕಿದಳು.

ಈಶಪ್ಪನವರು ಮರುಗುವ ಮನುಷ್ಯ. ಮಗ್ಗದ ಪಕ್ಕ ಕೂತು ಮೆಲ್ಲಗೆ ಕೇಳಿದರು: “ಇಸ್ಮಾಯಿಲಸಾಬ್ರ, ಒಂದ್ ಸಲ ಮತ್ತ ಕೆಟ್ಟಾವ್ರ ಆಗ್ತೀರೇನು? ಅಳತಿ ತಗೊಂಡು ಬಿಟ್ಟಬಿಡ್ತೀನಿ.”

“ಅಂದ್ರ?”

“ಒಂದ್ ಹುಂಜ ಕದೀರಿ. ನಾ ಬರಕೋತೀನಿ, ಅಷ್ಟ.”

“ತೌಬಾ, ತೌಬಾ!” ಎಂದು ಇಸ್ಮಾಯಿಲಸಾಬ ಗಲ್ಲ ಬಡಿದುಕೊಂಡ. ಆದರೆ ಮಗಳು ನೆನಪಾದಳು. ಒಪ್ಪಿದ.

ನಿಗದಿಯಾದ ದಿನ ಈಶಪ್ಪನವರ ಸಮಕ್ಷಮದಲ್ಲಿ ಆತ ತಿರಕಪ್ಪನ ಕೋಳಿಗೂಡಿಗೆ ಕೈ ಹಾಕಿದ. ಸಿಕ್ಕ ಹುಂಜವನ್ನು ಹೊರಗೆಳೆಯತೊಡಗಿದ. ತಿರಕಪ್ಪ ಒಳಗಿನಿಂದ ಓಡಿಬಂದ.

“ಲೇ, ಅದು ಮುದಿ ಐತಿ, ಬ್ಯಾಡ. ಇದನ್ನ ತಗೋ” ಎಂದು ಕಾಲು ಕಟ್ಟಿದ ಕೊಬ್ಬಿದ ಹುಂಜವನ್ನು ಕೈಗಿತ್ತ.

ಈಶಪ್ಪನವರು ಹಣೆ ಬಡಿದುಕೊಂಡರು. “ಮಾಲೀಕನ ಕೊಟ್ರ ಕಳವ ಆಗಾಂಗಿಲ್ಲೋ ತಿರಕಪ್ಪ! ಸ್ವಲ್ಪ ಆ ಕಡಿ ತಿರುಗಿ ನಿಂದ್ರು.”

“ಬಾಗಲಿಗೆ ಬಂದಾಂವಗ ಬೆನ್ನ ಹ್ಯಾಂಗ ತೋರಸಲಿರಿ, ಸಾಹೇಬ್ರ?”

ಸಾರ್ವಜನಿಕರ ಅಸಹಕಾರದಿಂದ ಮಾಹಿತಿ ಲಭ್ಯವಾಗಲಿಲ್ಲ ಎಂದು ವರದಿ ಹೋಯಿತು.

ಲಾಲಬಿಯ ತಾಳ್ಮೆ ಅಲ್ಲಿಗೆ ಮುಗಿಯಿತು. “ಬೆಳದ ಗಂಡಸಿಂದು ಮದಲಿಂದ ಹ್ಯಾಂಗಿತ್ತು ಅಂತ ಈಗ ಎಲ್ಲಿ ಹುಡುಕ್ತೀರಿ? ಅಳಿಯೂದಿದ್ರ ಹುಟ್ಟಿದಾಗಿಂದ ಅಳೀಬೇಕಿತ್ತು!”

ಈಶಪ್ಪನವರು ದಿಗ್ಗನೆ ಎದ್ದು ನಿಂತರು. ಹುಟ್ಟಲಿರುವ ಮೊಮ್ಮಗುವನ್ನೇ ಅಳೆಯುವ ಪ್ರಸ್ತಾವ ಮೇಲಕ್ಕೆ ಹೋಯಿತು, ವಾರದೊಳಗೆ ಮಂಜೂರಾತಿ ಬಂತು. ಅಧ್ಯಯನದ ವಸ್ತುವನ್ನು ಭದ್ರವಾಗಿ ತರುವ ಸಲುವಾಗಿ ಇಸ್ಮಾಯಿಲಸಾಬನು ಮುಂಡರಗಿಗೆ ಹೋಗಬಹುದು, ಹುಟ್ಟಲಿರುವ ಕೂಸು ಪ್ರಾಯಕ್ಕೆ ಬರುವವರೆಗೆ ನಿಗಾದಲ್ಲಿರತಕ್ಕದ್ದು, ತಾಲೂಕು ದಾಟತಕ್ಕದ್ದಲ್ಲ. ಇಸ್ಮಾಯಿಲಸಾಬ ಕೊನೆಯ ಸಾಲು ಕೇಳಿಸಿಕೊಳ್ಳಲಿಲ್ಲ, ಆಗಲೇ ಬಸ್ಸು ಹತ್ತಿದ್ದ.

ಗಂಡು ಕೂಸು ಹುಟ್ಟಿತು. ಬಾಣಂತಿಯ ನಾಲ್ವತ್ತನೇ ದಿನದ ಸ್ನಾನದಂದು ಓಣಿಯೆಲ್ಲ ತೊಟ್ಟಿಲ ಸುತ್ತ ಸೇರಿತು. ಈಶಪ್ಪನವರು ಪೆನ್ನು ಹಿಡಿದು ವಿಚಾರಣೆ ನಡೆಸಿದರು. “ಭಾಳ ಛಲೋ ಕೂಸುರಿ” ಎಂದರು ಎಲ್ಲರೂ. “ದೇವರಂಥಾ ಕೂಸು” ಎಂದ ತಿರಕಪ್ಪ. ಈಶಪ್ಪನವರ ಮುಖ ಬಾಡಿತು. ಮತ್ತೆ ಅದೇ ಗತಿ! ನಿಟ್ಟುಸಿರು ಬಿಟ್ಟು ತೊಟ್ಟಿಲಿಗೆ ಬಾಗಿದರು.

ಕೂಸು ಪೆನ್ನು ಹಿಡಿದುಕೊಂಡಿತು. ಅವರು ಎಳೆದರು, ಬಿಡಲಿಲ್ಲ. ಮತ್ತೆ ಎಳೆದರು, ಮುಷ್ಟಿ ಇನ್ನೂ ಬಿಗಿಯಾಯಿತು.

“ಸಾಹೇಬ್ರ, ಅದಕ್ಕ ಇನ್ನಾ ತಿಳಿಯಂಗಿಲ್ರಿ...” ಇಸ್ಮಾಯಿಲಸಾಬ ಬೆವರಿದ.

“ಸುಮ್ಮನಿರ್ರಿ!” ಈಶಪ್ಪನವರ ಕಣ್ಣಲ್ಲಿ ಆನಂದದ ನೀರು. “ಮಾಲೀಕಂದು ಒಪ್ಪಿಗಿ ಇಲ್ಲ. ಓಣಿನ ಸಾಕ್ಷಿ ಐತಿ. ಪೂರ್ವಸ್ಥಿತಿ ಸಿಕ್ತು!”

ತಿರಕಪ್ಪನಿಂದ ಪೆನ್ಸಿಲ್ ಕೇಳಿ ಪಡೆದು ಅಲ್ಲಿಯೇ ಬರೆದುಕೊಂಡರು. ಅವನಿಗಿಂತ ಉತ್ತಮ ಅಪರಾಧಿ ದೊರೆತ ಕಾರಣ ಇಸ್ಮಾಯಿಲಸಾಬನನ್ನು ಅಂದೇ ಬಿಡುಗಡೆ ಮಾಡಲಾಯಿತು. ಓಣಿಗೆಲ್ಲ ಸಕ್ಕರೆ ಹಂಚಿದರು.

ಕೂಸಿನ ಪ್ರಗತಿ ತೃಪ್ತಿಕರವಾಗಿದೆ. ನಿದ್ದೆ ಹತ್ತಿದೊಡನೆ ಪೆನ್ನನ್ನು ತಾನಾಗಿ ಬಿಟ್ಟುಕೊಟ್ಟಿದೆ. ಆದರೆ ತಾಲೂಕು ದಾಟುವಂತಿಲ್ಲವಾದ್ದರಿಂದ ತಾಯಿಯೂ ಮುಂಡರಗಿಗೆ ಮರಳಿಲ್ಲ. ಅಳಿಯ ಬೆಟಗೇರಿಯಲ್ಲೇ ಮನೆ ಹಿಡಿದಿದ್ದಾನೆ. ಈಶಪ್ಪನವರು ತಿಂಗಳ ತಪಾಸಣೆಗೆ ಬಂದಾಗ ಲಾಲಬಿ ಚಹಾ ಕೊಟ್ಟು, ಮಗಳಿಗೆ ಕೇಳಿಸದಂತೆ ಒಂದೇ ಅರ್ಜಿ ಸಲ್ಲಿಸುತ್ತಾಳೆ:

“ಸಾಹೇಬ್ರ, ಹುಡುಗ ಜಲ್ದಿ ಸುಧಾರಿಸದಂಗ ನೋಡ್ಕೋರಿ.”

ಅರ್ಜಿಯು ಪರಿಶೀಲನೆಯಲ್ಲಿದೆ.