ದೀಪ ಹಚ್ಚಿದ ಮೇಲೆ ಫಿಲ್ಟರ್ ಕೊಡಲ್ಲ

ಮನೆ ಮನೆಗೆ ಹೋಗಿ ಅಕ್ವೇರಿಯಂ ಕೂರಿಸುವ ನನಗೆ ಮೀನುಗಳಿಂದ ಇವತ್ತಿನವರೆಗೆ ಒಂದು ತಾಪತ್ರಯವೂ ಆಗಿಲ್ಲ. ಆಗುವುದೆಲ್ಲ ಅವನ್ನು ಸಾಕುವವರಿಂದ, ಅದೂ ತಿಂಗಳಿಗೊಂದರಂತೆ ತಪ್ಪದೆ. ಆದರೂ ಅವರನ್ನು ನೆನೆದರೆ ಕೈ ಮುಗಿಯಬೇಕು ಅನಿಸುತ್ತದೆ.

೧. ಕಲ್ಲು ಬೇಡ

ಅಂಜನಾಪುರದ ಯಜಮಾನರು ಹಿಂದೆ ರಾಗಿ ಬೆಳೆಯುತ್ತಿದ್ದವರು, ಈಗ ಅದೇ ಜಾಗದಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ತಮ್ಮ ಹಾಲ್‌ನಲ್ಲಿ ಸಾವಿರ ಲೀಟರಿನ ಉಪ್ಪುನೀರಿನ ಟ್ಯಾಂಕ್ ಕೂರಿಸಲು ನನ್ನನ್ನು ಕರೆದರು. ಅಷ್ಟು ದೊಡ್ಡ ಕೆಲಸ ನನಗೆ ಅದೇ ಮೊದಲು. ಕೆಟ್ಟರೆ ಮತ್ತೆ ಗೋಲ್ಡ್‌ಫಿಶ್ ಬೌಲ್ ತೊಳೆಯುತ್ತ ಕೂರಬೇಕಿತ್ತು.

ಮೀನಿನ ಗಲೀಜು ವಿಷವಾಗದಂತೆ ನೋಡಿಕೊಳ್ಳುವುದು ಬ್ಯಾಕ್ಟೀರಿಯಾ, ಅವು ನೆಲೆಸಲು ಒಂದು ಜಾಗ ಬೇಕು, ಸಮುದ್ರದ ತೂತುಕಲ್ಲು ಹಾಕಬಹುದು ಅಥವಾ ಫಿಲ್ಟರ್‌ನಲ್ಲಿ ಪಿಂಗಾಣಿ ಉಂಗುರ ತುಂಬಬಹುದು ಎಂದು ವಿವರಿಸಿದೆ. ಕಲ್ಲೇ ಒಳ್ಳೆಯದು ಎಂದೂ ಸೇರಿಸಿದೆ.

"ನಮ್ಮಪ್ಪ, ನಾನು ಸೇರಿ ಇಪ್ಪತ್ತು ವರ್ಷ ಇದೇ ಜಾಗದಲ್ಲಿ ಕಲ್ಲು ಆಯ್ದು ಆಚೆ ಎಸೆದಿದೀವಿ ಸಾರ್," ಅಂದರು. "ಈಗ ದುಡ್ಡು ಕೊಟ್ಟು ಒಳಗೆ ತರೋದಾ?"

ಉಂಗುರವೇ ಖಾಯಂ ಆಯಿತು.

೨. ಹಬ್ಬದ ಕ್ಲೀನಿಂಗ್

ಉಂಗುರಗಳ ಮೇಲೆ ಬ್ಯಾಕ್ಟೀರಿಯಾ ಕೂರಲು ಒಂದೂವರೆ ತಿಂಗಳು ಕಾದು, ಮೊದಲ ಜೋಡಿ ಕ್ಲೌನ್ ಮೀನು ಬಿಟ್ಟೆ. ಸ್ವಲ್ಪ ದಿನಕ್ಕೆ ಗೌರಿಹಬ್ಬ ಬಂತು. ಫಿಲ್ಟರ್ ಫಳಫಳ ಹೊಳೀತಿದೆ, ಬಂದು ನೋಡಿ ಎಂದು ಯಜಮಾನರ ಫೋನು. ಟೆಸ್ಟ್ ಕಿಟ್ ಹಿಡಿದು ಓಡಿದೆ.

ಅವರ ತಾಯಿ ಎಲ್ಲ ಉಂಗುರಗಳನ್ನೂ ಹುಣಸೇಹಣ್ಣಿನಲ್ಲಿ ತಿಕ್ಕಿ, ಬಿಸಿನೀರಲ್ಲಿ ತೊಳೆದು, ತಾರಸಿಯಲ್ಲಿ ಒಣಗಿಸಿ, ಎಣಿಸಿ ವಾಪಸ್ ಜೋಡಿಸಿದ್ದರು. ಬ್ಯಾಕ್ಟೀರಿಯಾ ಒಂದೂ ಉಳಿದಿರಲಿಲ್ಲ. ಟೆಸ್ಟ್ ಮಾಡಿದರೆ ನೀರಲ್ಲಿ ಆಗಲೇ ಅಮೋನಿಯಾ ವಿಷ ಏರುತ್ತಿತ್ತು. ಉಂಗುರದ ಮೇಲಿದ್ದ ಲೋಳೆಯೇ ಬ್ಯಾಕ್ಟೀರಿಯಾ, ಅದೇ ಫಿಲ್ಟರ್ ಅಮ್ಮಾ ಅಂದೆ.

"ಅಷ್ಟು ಲೋಳೆ ಕಟ್ಟಿದ ಪಾತ್ರೇಲಿ ನೀವು ಊಟ ಮಾಡ್ತೀರಾ?" ಎಂದರು ಆಕೆ. "ಮತ್ತೆ ಮೀನು ಏನು ಪಾಪ ಮಾಡಿದ್ವು?"

೩. ಹೆಪ್ಪು

ಉಳಿದಿದ್ದು ಒಂದೇ ದಾರಿ, ಹಳೆಯ ಟ್ಯಾಂಕಿನಿಂದ ಒಂದಿಷ್ಟು ಲೋಳೆಯ ಉಂಗುರ ತಂದು ಹಾಕುವುದು. ತ್ಯಾಗರಾಜನಗರದ ನಿವೃತ್ತ ಟೀಚರೊಬ್ಬರು ವರ್ಷಗಳಿಂದ ಉಪ್ಪುನೀರಿನ ಮೀನು ಸಾಕಿದ್ದಾರೆ. ಅವರಿಗೆ ಫೋನ್ ಮಾಡಿ, ಮೊಸರಿಗೆ ಹೆಪ್ಪು ಇದ್ದ ಹಾಗೆ ಮೇಡಂ, ಎರಡು ಹಿಡಿ ಕೊಟ್ಟರೆ ಸಾಕು ಎಂದೆ. ಬನ್ನಿ ಎಂದರು. ಕನಕಪುರ ರಸ್ತೆಯ ಟ್ರಾಫಿಕ್ ದಾಟಿ ಹೋಗುವಷ್ಟರಲ್ಲಿ ಅವರು ದೇವರ ದೀಪ ಹಚ್ಚಿಬಿಟ್ಟಿದ್ದರು.

"ದೀಪ ಹಚ್ಚಿದ ಮೇಲೆ ಹೆಪ್ಪು ಕೊಡೋದು ಹೇಗೆ?"

ನಾನು ವಿಜ್ಞಾನವನ್ನೆಲ್ಲ ಹೇಳಿದೆ. ಹಾಗಿದ್ದರೆ ಮೊದಲೇ ಹೆಪ್ಪು ಅನ್ನಬಾರದಿತ್ತು, ಈಗ ಕಿವಿಗೆ ಬಿದ್ದಾಯ್ತು ಎಂದರು. ಬೆಳಗಿನವರೆಗೆ ಮೀನು ಉಳಿಯುವ ಭರವಸೆ ನನಗಿರಲಿಲ್ಲ. ನನ್ನ ಮುಖ ನೋಡಿ ಅವರೇ ದಾರಿ ಹುಡುಕಿದರು.

"ಕೊಡೋಕೆ ತಾನೇ ಆಗಲ್ಲ? ಮೀನನ್ನೇ ಕರ್ಕೊಂಡು ಬನ್ನಿ. ಮನೆಗೆ ಬಂದೋರನ್ನ ಬೇಡ ಅನ್ನಲ್ಲ."

ಮತ್ತೆ ಅಂಜನಾಪುರಕ್ಕೆ ಹೋಗಿ, ಬಕೆಟ್‌ಗೆ ಏರ್ ಪಂಪ್ ಸಿಕ್ಕಿಸಿ ಮೀನುಗಳನ್ನು ತಂದೆ. ಬೆಳಿಗ್ಗೆ ಹೋದಾಗ ಎರಡೂ ಅವರ ಟ್ಯಾಂಕಿನಲ್ಲಿ ಆರಾಮಾಗಿ ಓಡಾಡುತ್ತಿದ್ದವು. ಆ ಹೊತ್ತಿನ ನನ್ನ ಸಂತೋಷ ಹೇಳತೀರದು. ಅವರ ಋಣ ನನ್ನ ಮೇಲೆ ಇಂದಿಗೂ ಇದೆ.

ಎರಡರಲ್ಲಿ ಹೆಣ್ಣು ಯಾವುದು ಎಂದು ಕೇಳಿದರು. ದೊಡ್ಡದು ಎಂದೆ. ನಾನು ಮೀನುಗಳನ್ನು ಮತ್ತೆ ಬಕೆಟ್‌ಗೆ ಇಳಿಸುವಷ್ಟರಲ್ಲಿ ಒಳಗೆ ಹೋಗಿ ತಟ್ಟೆ ಹಿಡಿದು ಬಂದರು. ಬಕೆಟ್‌ಗೆ ಅರಿಶಿನ ಕುಂಕುಮ ಹಚ್ಚಿ, ನಾನು ಕೇಳಿದ್ದ ಲೋಳೆ ಉಂಗುರದ ಡಬ್ಬಿಯ ಜೊತೆ ವೀಳ್ಯದೆಲೆ, ಬಾಳೆಹಣ್ಣು, ಒಂದು ಬ್ಲೌಸ್ ಪೀಸ್ ಕೊಟ್ಟರು.

ಎಲ್ಲವನ್ನೂ ಅಂಜನಾಪುರಕ್ಕೆ ಒಯ್ದೆ. ಯಜಮಾನರ ತಾಯಿ ಬ್ಲೌಸ್ ಪೀಸ್ ಬಿಡಿಸಿ ನೋಡಿ, ಮೀನಿನ ಕಡೆ ತಿರುಗಿ, "ಹಬ್ಬಕ್ಕೆ ತವರಿಗೆ ಹೋಗ್ತೀನಿ ಅಂತ ಒಂದು ಮಾತು ಹೇಳೋದಲ್ವೇನೇ?" ಅಂದರು.